ಆರಾಮ ಎಂಬ ಅಪ್ಪಣೆ

2001ರಲ್ಲಿ ನಮ್ಮ ಖಾಲಾ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ತನ ಕ್ಯಾನ್ಸರಿನ ಆಪರೇಷನ್ ಮುಗಿಸಿಕೊಂಡು ಊರಿಗೆ ಮರಳಿದರು. ಸ್ತನದ ಜೊತೆಗೆ ಎಡ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಕೀಮೋ ಮುಗಿದು ತಲೆಗೂದಲು ಮತ್ತೆ ಚಿಗುರತೊಡಗಿದ ದಿನಗಳಲ್ಲಿ, ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದ ಸದ್ದು ಕೇಳಿ, ಮೂವತ್ತು ವರ್ಷಗಳ ಅಭ್ಯಾಸದಂತೆ ಎದ್ದುಹೋಗಿ ಬಿಂದಿಗೆ ಹಿಡಿದರು. ಅದು ಅರ್ಧ ತುಂಬುವುದರೊಳಗೆ ಮನೆಯವರೆಲ್ಲ ಅಲ್ಲಿಗೆ ಓಡಿಬಂದಿದ್ದೆವು. ಆಗ ಇಪ್ಪತ್ತರ ಆಸುಪಾಸಿನಲ್ಲಿದ್ದ ನಾವೇ ಅವರ ಕೈಯಿಂದ ಬಿಂದಿಗೆ ಕಸಿದುಕೊಂಡೆವು. "ಖಾಲಾ, ನೀವು ಆರಾಮ ಮಾಡಿ" ಎಂದೆವು. ಹಾಗೆ ಹೇಳುವಾಗ ಒಳಗೊಳಗೇ ಒಂದು ಹೆಮ್ಮೆಯೂ ಇತ್ತು. ನಮ್ಮ ಮನೆಯ ಗಂಡುಮಕ್ಕಳು ನೀರು ಹೊತ್ತ ಮೊದಲ ದಿನ ಅದೇ ಇರಬೇಕು.

ಅಂದಿನಿಂದ ಕಿಟಕಿ ಪಕ್ಕದ ಮಂಚವೇ ಅವರ ಮನೆಯಾಯಿತು. ತಟ್ಟೆ ಅಲ್ಲಿಗೇ ಬರುತ್ತಿತ್ತು, ವುಜೂವಿನ ನೀರೂ ಅಲ್ಲಿಗೇ. ನೋಡಲು ಬಂದವರು, ಇಂಥ ಮಕ್ಕಳನ್ನು ಪಡೆಯಲು ನಸೀಬು ಬೇಕು ಎಂದು ಹೊಗಳಿ ಹೋಗುತ್ತಿದ್ದರು. ಕೆಲವು ವಾರ ಖಾಲಾ ಜಗಳವಾಡಿದರು. ಆಮೇಲೆ ಬಿಟ್ಟರು. ವರ್ಷ ಕಳೆಯುವುದರೊಳಗೆ ಎಡಭುಜ ಎಷ್ಟು ಬಿಗಿದುಕೊಂಡಿತೆಂದರೆ, ನಮಾಜಿನ ತಕ್ಬೀರಿಗೆ ಆ ಕೈಯನ್ನು ಭುಜದ ಮಟ್ಟಕ್ಕೆ ಎತ್ತಲೂ ಆಗುತ್ತಿರಲಿಲ್ಲ. ಒಮ್ಮೆ ಅವರು ಅಮ್ಮಿಯ ಹತ್ತಿರ, "ಕಾಯಿಲೆ ಎದೆ ತೆಗೆದುಕೊಂಡಿತು, ನೀವು ಕೈಕಾಲು ತೆಗೆದುಕೊಂಡಿರಿ" ಎಂದರು. ತಮಾಷೆ ಎಂದುಕೊಂಡು ಎಲ್ಲರೂ ನಕ್ಕೆವು.

ಮುಂದೆ ಆರು ವರ್ಷ ಬದುಕಿದ್ದು, ಕಾಯಿಲೆ ಮರುಕಳಿಸಿ ಖಾಲಾ ತೀರಿಕೊಂಡರು. ಓಡಾಡಲು ಬಿಟ್ಟಿದ್ದರೆ ಉಳಿಯುತ್ತಿದ್ದರು ಎಂದು ನಾವು ಹೇಳಲಾರೆವು. ಹೇಳುವುದು ಸರಿಯೂ ಅಲ್ಲ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಆ ಆರು ವರ್ಷ ಯಾರದ್ದಾಗಿತ್ತು? ಅವರದೋ, ಅವರನ್ನು ಅಷ್ಟೊಂದು ಪ್ರೀತಿಸುತ್ತಿದ್ದ ನಮ್ಮದೋ?

'ಆರಾಮ' ಎಂಬ ಶಬ್ದವೇ ನಮ್ಮನ್ನು ದಾರಿ ತಪ್ಪಿಸಿತೇನೋ. ಉರ್ದುವಿನಲ್ಲಿ ಆರಾಮ್ ಎಂದರೆ ವಿಶ್ರಾಂತಿಯೂ ಹೌದು, ಗುಣವಾಗುವುದೂ ಹೌದು. ಉತ್ತರ ಕರ್ನಾಟಕದವರು 'ಆರಾಮ ಅದೀರಿ?' ಎಂದು ಕೇಳಿದರೆ ಅದು ಕ್ಷೇಮ ಸಮಾಚಾರ. ಎರಡೂ ಭಾಷೆಗಳಲ್ಲಿ ಓದಿದ ನಮಗೆ, ಮಲಗುವುದೂ ಗುಣವಾಗುವುದೂ ಒಂದೇ ಎಂಬ ಭಾವನೆ ಶಬ್ದದ ಜೊತೆಗೇ ಬಂದುಬಿಟ್ಟಿತ್ತು. ನಮ್ಮನ್ನಷ್ಟೇ ದೂರಿ ಫಲವಿಲ್ಲ. ಬಹಳ ಕಾಲ ವೈದ್ಯಲೋಕವೂ ಹೆಚ್ಚುಕಡಿಮೆ ಇದನ್ನೇ ನಂಬಿತ್ತು. ಕ್ಯಾನ್ಸರ್ ರೋಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳಬೇಕು, ಕಂಕುಳಿನ ಗ್ರಂಥಿ ತೆಗೆಸಿಕೊಂಡವಳು ಆ ಕೈಯಲ್ಲಿ ಭಾರ ಎತ್ತಬಾರದು, ಎತ್ತಿದರೆ ದುಗ್ಧರಸ ತುಂಬಿ ಕೈ ಬಾತುಕೊಳ್ಳುತ್ತದೆ ಎಂದೇ ಉಪದೇಶ.

ಅದನ್ನು ಮೊದಲು ಅನುಮಾನಿಸಿದವರಲ್ಲಿ ನರ್ಸಿಂಗ್ ಕ್ಷೇತ್ರದವರಿದ್ದರು ಎಂಬುದು ನಮಗೆ ಹಿಡಿಸಿದ ಸಂಗತಿ. ಹಾಸಿಗೆಯ ಪಕ್ಕ ಹೆಚ್ಚು ಹೊತ್ತು ನಿಲ್ಲುವವರು ಅವರೇ ತಾನೆ. ಅಮೆರಿಕದ ಓಹಿಯೋದಲ್ಲಿ ಮ್ಯಾಕ್‌ವಿಕಾರ್ ಮತ್ತು ವಿನಿಂಗ್‌ಹ್ಯಾಮ್ ಎಂಬಿಬ್ಬರು ನರ್ಸಿಂಗ್ ಸಂಶೋಧಕಿಯರು 1980ರ ದಶಕದಲ್ಲಿ, ಕೀಮೋ ನಡೆಯುತ್ತಿದ್ದ ಮಹಿಳೆಯರಿಂದ ವಾರಕ್ಕೆ ಮೂರು ದಿನ ನಿಂತಲ್ಲೇ ತುಳಿಯುವ ಸೈಕಲ್ ತುಳಿಸಿದರು. ಅವರ ಶಕ್ತಿ ಕುಂದಲಿಲ್ಲ, ಹೆಚ್ಚಿತು.

1996ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ನಡೆದದ್ದು ಕಥೆಗಾರರಿಗೆ ಹೇಳಿಮಾಡಿಸಿದಂತಿದೆ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರೀಡಾವೈದ್ಯ ಡಾನ್ ಮೆಕೆಂಜಿ, ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆದಿದ್ದ 24 ಮಹಿಳೆಯರಿಗೆ ತರಬೇತಿ ಕೊಟ್ಟು ಡ್ರ್ಯಾಗನ್ ದೋಣಿಯಲ್ಲಿ ಕೂರಿಸಿದರು. ಇದು ಚೀನಾ ಮೂಲದ ಉದ್ದನೆಯ ದೋಣಿ. ಹುಟ್ಟು ಹಾಕಲು ಭುಜ, ತೋಳು, ಬೆನ್ನು ಎಲ್ಲದರ ಬಲವೂ ಬೇಕು. ಯಾವ ಕೈಗೆ ಕೆಲಸ ಕೊಡಬಾರದು ಎಂದಿದ್ದರೋ ಅದೇ ಕೈಗೆ ಹುಟ್ಟು ಕೊಟ್ಟರು. ಆ ಋತು ಮುಗಿದಾಗ ಒಬ್ಬ ಮಹಿಳೆಯಲ್ಲೂ ಹೊಸದಾಗಿ ಕೈ ಬಾವು ಕಾಣಿಸಿಕೊಂಡಿರಲಿಲ್ಲ. ನಮ್ಮ ಖಾಲಾ ಅವರ ಬಿಂದಿಗೆಯನ್ನು ನಾವು ಕಸಿದುಕೊಂಡದ್ದು ಇದಾಗಿ ಐದು ವರ್ಷಕ್ಕೆ. ಇಪ್ಪತ್ತನಾಲ್ಕು ಜನರ ಅನುಭವ ಪುರಾವೆಯಾಗಲಾರದು ಎನ್ನುವವರಿಗೆ 2009ರಲ್ಲಿ ಉತ್ತರ ಬಂತು. ಕ್ಯಾಥ್ರಿನ್ ಶ್ಮಿಟ್ಜ್ ಮತ್ತು ಸಂಗಡಿಗರು ಆಗಲೇ ಕೈ ಬಾತಿದ್ದ 141 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆರಡು ಸಲ, ಹಂತಹಂತವಾಗಿ ಭಾರ ಎತ್ತುವುದನ್ನು ಕಲಿಸಿದ್ದರು. ಬಾವು ಉಲ್ಬಣಿಸಿದ್ದು ಭಾರ ಎತ್ತಿದವರಲ್ಲಿ ಶೇ. 14, ಎತ್ತದವರಲ್ಲಿ ಶೇ. 29. ಚಿಕಿತ್ಸೆಯ ಸಮಯದಲ್ಲೂ ಆಮೇಲೂ ವ್ಯಾಯಾಮ ಸುರಕ್ಷಿತ, ಸುಮ್ಮನೆ ಕೂರಬೇಡಿ ಎಂದು ಅಮೆರಿಕದ ಕ್ರೀಡಾವೈದ್ಯರ ಸಂಸ್ಥೆಯ ತಜ್ಞರು 2010ರಲ್ಲಿ ಹೇಳಿದರು.

ಧರ್ಮ ಗೊತ್ತಿದ್ದ ಮನೆಯವರಾದ ನಮಗೆ ಇದು ಹೊಳೆಯಬೇಕಿತ್ತು. ಮೂಲವ್ಯಾಧಿಯಿಂದ ನರಳುತ್ತಿದ್ದ ಇಮ್ರಾನ್ ಬಿನ್ ಹುಸೈನ್ ತಾನು ನಮಾಜ್ ಹೇಗೆ ಮಾಡಲಿ ಎಂದು ಕೇಳಿದಾಗ ಪ್ರವಾದಿ(ಸ)ಯವರು ಕೊಟ್ಟ ಉತ್ತರ ನಮ್ಮ ಮಕ್ಕಳಿಗೂ ಗೊತ್ತು: ನಿಂತು ಮಾಡು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಎಂಬರ್ಥದ ಮಾತು. ಕಾಯಿಲೆಯವನೆಂದ ಕೂಡಲೇ ಅವನನ್ನು ಮಲಗಿಸಿಬಿಡಲಿಲ್ಲ. ನಿಲ್ಲುವುದರಿಂದಲೇ ಶುರು. ಮುಂದಿನ ಮೆಟ್ಟಿಲಿಗೆ ಇಳಿಯಬೇಕೋ ಬೇಡವೋ ಎಂಬುದನ್ನು ತಿಳಿಯಬೇಕಾದದ್ದು ಮೊದಲು ಆ ದೇಹದ ಒಳಗಿರುವವನು. ರೋಗಿಗೆ ಉಪವಾಸದಲ್ಲಿರುವ ರುಖ್ಸತ್, ಅಂದರೆ ರಿಯಾಯಿತಿಯೂ ರೋಗಿಯ ಅನುಕೂಲಕ್ಕೆ ತೆರೆದಿಟ್ಟ ಬಾಗಿಲು. ನಾವು ಆ ಬಾಗಿಲನ್ನು ಹೊರಗಿನಿಂದ ಚಿಲಕ ಹಾಕಿ ಅದಕ್ಕೆ ಸೇವೆ ಎಂದು ಹೆಸರಿಟ್ಟೆವು. ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂಬ ಪ್ರವಾದಿ(ಸ)ಯವರ ಮಾತನ್ನು ಖಾಲಾ ಅವರನ್ನು ಮಲಗಿಸಲು ಎಷ್ಟು ಸಲ ಬಳಸಿದೆವೋ. ಆ ಮಾತು ಮೂಲದಲ್ಲಿ ಹೇಳಲ್ಪಟ್ಟದ್ದು ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಜ್ ಎಂದು ದೇಹವನ್ನು ದಣಿಸುತ್ತಿದ್ದ ಒಬ್ಬ ತರುಣನಿಗೆ. ಕದಲದೆ ಮಲಗಿದ ದೇಹದ ಹಕ್ಕೇನು ಎಂದು ಅಂದು ನಾವು ಯೋಚಿಸಲೇ ಇಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯ ಅಪಾಯವನ್ನೂ ಹೇಳಬೇಕು. 2025ರಲ್ಲಿ ಕೆನಡಾದ ಕೆರಿ ಕೋರ್ನೆಯಾ, ಕ್ರಿಸ್ಟೋಫರ್ ಬೂತ್ ಮೊದಲಾದವರ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಮತ್ತು ಕೀಮೋ ಮುಗಿಸಿದ್ದ 889 ಜನರಲ್ಲಿ ಅರ್ಧದಷ್ಟು ಜನರಿಗೆ ಆರೋಗ್ಯದ ಪುಸ್ತಿಕೆ ಮಾತ್ರ ಕೊಟ್ಟರು; ಉಳಿದವರಿಗೆ ಪುಸ್ತಿಕೆಯ ಜೊತೆಗೆ ಮೂರು ವರ್ಷ ವ್ಯಾಯಾಮದ ನೆರವು. ಎಂಟು ವರ್ಷಗಳ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 83, ಎರಡನೆಯದರಲ್ಲಿ ಶೇ. 90. ವ್ಯಾಯಾಮವೆಂದರೆ ಹೆಚ್ಚೇನಲ್ಲ, ಮೊದಲಿಗಿಂತ ವಾರಕ್ಕೆ ಮೂರು ನಾಲ್ಕು ಸಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿರುಸಾಗಿ ನಡೆದಷ್ಟು.

ಸುದ್ದಿ ಸಂತೋಷದ್ದೇ. ಆದರೆ ಈ ಸಂತೋಷ ಬೇಗನೆ ಕ್ರೂರವಾಗಬಲ್ಲದು. ನಡೆದವರು ಉಳಿಯುತ್ತಾರೆ ಎಂಬ ಮಾತು ತಿರುಗಿ, ಹೋದವರು ನಡೆಯಲಿಲ್ಲ ಎಂದಾಗಲು ಎಷ್ಟು ಹೊತ್ತು ಬೇಕು? ನಿನ್ನೆಯವರೆಗೆ ರೋಗಿಯನ್ನು ಮಂಚಕ್ಕೆ ಕಟ್ಟುತ್ತಿದ್ದವರೇ ನಾಳೆ ಬೆಳಿಗ್ಗೆ ಹೊದಿಕೆ ಎಳೆದು, ಏಳಿ, ನಿಮಗೆ ಬದುಕುವ ಮನಸ್ಸಿಲ್ಲವೇ ಎಂದು ಗದರಬಹುದು. ನಡೆದವರ ಗುಂಪಿನಲ್ಲೂ ನೂರಕ್ಕೆ ಹತ್ತರಷ್ಟು ಜನ ಉಳಿಯಲಿಲ್ಲ. ಅವರ ಪ್ರಯತ್ನದಲ್ಲಿ ಕೊರತೆಯಿತ್ತೆಂದು ಯಾರು ಹೇಳಬಲ್ಲರು? ಅಧ್ಯಯನಕ್ಕೆ ಆರಿಸಿದ್ದೂ ವ್ಯಾಯಾಮ ಮಾಡುವಷ್ಟು ತ್ರಾಣವಿದ್ದವರನ್ನೇ. ಮೂಳೆಗೆ ಇಳಿದ ಕಾಯಿಲೆ, ರಕ್ತವಿಲ್ಲದ ಮೈ, ತೀವ್ರ ನೋವು ಇರುವವರ ಲೆಕ್ಕ ಬೇರೆ. ಅವರು ವೈದ್ಯರನ್ನು ಕೇಳಿಯೇ ಹೆಜ್ಜೆ ಇಡಬೇಕು.

ಅದರಲ್ಲಿ ನಮ್ಮ ಗಮನ ಸೆಳೆದದ್ದು ಪುಸ್ತಿಕೆಯ ವಿಷಯ. ವ್ಯಾಯಾಮ ಮಾಡಿ ಎಂಬ ಉಪದೇಶ ಎರಡೂ ಗುಂಪಿಗೆ ಸಿಕ್ಕಿತ್ತು. ಎರಡನೆಯವರಿಗೆ ಹೆಚ್ಚಾಗಿ ಸಿಕ್ಕಿದ್ದು ಒಬ್ಬ ಮನುಷ್ಯ. ಮೊದಲ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ ಎದುರು ಕೂತು, ಆಮೇಲೂ ಮೂರು ವರ್ಷದವರೆಗೆ, ಹೇಗೆ ನಡೆಯುತ್ತಿದೆ, ಎಲ್ಲಿ ತೊಡಕಾಗುತ್ತಿದೆ ಎಂದು ಕೇಳುವವರೊಬ್ಬರಿದ್ದರು. ನಮ್ಮಲ್ಲಿ ಪುಸ್ತಿಕೆಯಂಥ ಜನ ಬೇಕಾದಷ್ಟಿದ್ದಾರೆ. ಇಯಾದತ್ತಿಗೆ ಬರುವ ಪ್ರತಿಯೊಬ್ಬರ ಬಾಯಲ್ಲೂ ಒಂದು ಸಲಹೆ. ಎದ್ದು ಜೊತೆಗೆ ರಸ್ತೆಯ ಕೊನೆಯವರೆಗೆ ನಡೆದು ಬರೋಣ ಎಂದವರನ್ನು ಖಾಲಾ ಅವರ ಆರು ವರ್ಷದಲ್ಲಿ ನಾವು ಕಂಡದ್ದಿಲ್ಲ.

ಆದರೆ ನಡೆಯುವ ಅಭ್ಯಾಸ ಐವತ್ತನೆಯ ವಯಸ್ಸಿನಲ್ಲಿ, ಕಾಯಿಲೆಯ ಮಾರನೆಯ ದಿನ ಎಲ್ಲಿಂದ ಬರಬೇಕು? ಅದರ ಬೇರು ಹರೆಯದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 146 ದೇಶಗಳ 11ರಿಂದ 17 ವಯಸ್ಸಿನ ವಿದ್ಯಾರ್ಥಿಗಳನ್ನು ಕುರಿತು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2016ರಲ್ಲಿ ನೂರಕ್ಕೆ 81 ಮಕ್ಕಳು ದಿನಕ್ಕೆ ಬೇಕಾದ ಒಂದು ಗಂಟೆಯ ಚಟುವಟಿಕೆಯನ್ನೂ ಮಾಡುತ್ತಿರಲಿಲ್ಲ. ಭಾರತದ ಮಕ್ಕಳು ಹಲವು ದೇಶಗಳವರಿಗಿಂತ ವಾಸಿ. ಅದಕ್ಕೆ ಸಂಶೋಧಕರು ಊಹಿಸಿದ ಕಾರಣವನ್ನು ಓದಿ ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ: ಹುಡುಗರಲ್ಲಿ ಕ್ರಿಕೆಟ್ಟು, ಹುಡುಗಿಯರಲ್ಲಿ ಮನೆಗೆಲಸ!

ಖಾಲಾ ಬಾಲ್ಯದಲ್ಲಿ ಕುಂಟೆಬಿಲ್ಲೆಯಲ್ಲಿ ಕೇರಿಗೇ ಮೊದಲಿಗಳಾಗಿದ್ದರಂತೆ. ಹನ್ನೆರಡು ತುಂಬಿದ ಮೇಲೆ ಹೆಣ್ಣುಮಗಳು ಬೀದಿಯಲ್ಲಿ ಕುಣಿಯಬಾರದೆಂದು ಬಿಲ್ಲೆ ಕಸಿದುಕೊಂಡು ಕೈಗೆ ಬಿಂದಿಗೆ ಕೊಟ್ಟರು. ಐವತ್ತರ ಹತ್ತಿರ, ಕಾಯಿಲೆಯವಳೆಂದು ಬಿಂದಿಗೆಯನ್ನೂ ಕಸಿದುಕೊಂಡರು. ಎರಡು ಸಲವೂ ಕಸಿದುಕೊಂಡವರು ಪ್ರೀತಿಸುವವರೇ. ಎರಡು ಸಲವೂ ನಿನಗೇನು ಬೇಕು ಎಂದು ಯಾರೂ ಅವರನ್ನು ಕೇಳಲಿಲ್ಲ. ಮೊದಲನೆಯದಕ್ಕೆ ಮರ್ಯಾದೆ ಎಂದೂ ಎರಡನೆಯದಕ್ಕೆ ಮಮತೆ ಎಂದೂ ಕರೆದೆವು.

ಕಾಯಿಲೆಗೆ ನಾಲ್ಕು ವರ್ಷ ಮೊದಲು ಖಾಲಾ ಹಜ್ಜಿಗೆ ಹೋಗಿಬಂದಿದ್ದರು. ಸಫಾ ಮರ್ವಾದ ನಡುವಿನ ಸಯೀ ಬಗ್ಗೆ ಎಷ್ಟು ಹೇಳಿದರೂ ಅವರಿಗೆ ಸಾಲದು. ಏಳು ಸಲ ಆಚೀಚೆ ನಡೆದರೆ ಮೂರು ಕಿಲೋಮೀಟರಿಗೂ ಹೆಚ್ಚು. ಹೆಚ್ಚುಕಡಿಮೆ ಆ ಕೆನಡಾದ ವೈದ್ಯರು ಒಂದು ದಿನಕ್ಕೆ ಹೇಳಿದಷ್ಟೇ ನಡಿಗೆ. ಮಗುವಿಗೆ ನೀರು ಹುಡುಕುತ್ತಾ ಓಡಿದ ಬೀಬಿ ಹಾಜಿರಾ ಅವರ ನೆನಪು ಅದು. ಈಗ ಹಸಿರು ದೀಪಗಳ ನಡುವೆ ಓಡುವವರು ಗಂಡಸರು. ಹೆಂಗಸರು ನಡೆದರೆ ಸಾಕು. ಇದರ ಬಗ್ಗೆ ನಾವು ಫಿಕ್ಹ್‌ನ ತಕರಾರು ಎತ್ತುತ್ತಿಲ್ಲ, ಕಥೆ ಬರೆಯುವವರ ಕಣ್ಣಿಗೆ ಬಿದ್ದದ್ದನ್ನು ಹೇಳುತ್ತಿದ್ದೇವೆ. ಒಬ್ಬ ತಾಯಿಯ ಓಟವನ್ನು ಇಬಾದತ್ ಮಾಡಿಕೊಂಡ ಸಮುದಾಯದ ಮೊಹಲ್ಲಾಗಳಲ್ಲಿ, ಹೆಂಗಸೊಬ್ಬಳು ಕಾರಣ ಹೇಳದೆ ನಡೆಯಬಹುದಾದ ಮೂರು ಕಿಲೋಮೀಟರು ಎಲ್ಲಿದೆ? ತರಕಾರಿಗೆ ಹೋಗಬಹುದು, ದವಾಖಾನೆಗೆ ಹೋಗಬಹುದು. ಸುಮ್ಮನೆ ನಡೆಯುತ್ತಿದ್ದಾಳೆ ಎಂದರೆ ನಾಲ್ಕು ಕಿಟಕಿ ತೆರೆಯುತ್ತವೆ. ಇದು ನಮ್ಮ ಮೊಹಲ್ಲಾದ್ದಷ್ಟೇ ಕಥೆಯಲ್ಲ ಎಂದು ಬೇರೆ ಕೇರಿಗಳ ಗೆಳತಿಯರು ಹೇಳಿದ್ದಾರೆ.

ಕಳೆದ ತಿಂಗಳು ಗೆಳೆಯರೊಬ್ಬರ ಹೆಂಡತಿಯನ್ನು ನೋಡಿಬರಲು ಹೋಗಿದ್ದೆವು. ಅವರಿಗೂ ಇದೇ ಕಾಯಿಲೆ, ಚಿಕಿತ್ಸೆ ಮುಗಿದು ಮೂರು ತಿಂಗಳಾಗಿತ್ತು. ಸೇಬು, ಮೂಸಂಬಿಯ ಚೀಲ ಹಿಡಿದು, ದಾರಿಯುದ್ದಕ್ಕೂ ಹೇಳಬೇಕಾದ ಸಮಾಧಾನದ ಮಾತುಗಳನ್ನು ಜೋಡಿಸಿಕೊಂಡು ಹೋದರೆ ಮನೆಯಲ್ಲಿ ರೋಗಿಯೇ ಇಲ್ಲ. ಮಗಳನ್ನು ಕರೆದುಕೊಂಡು ಶಾಲೆಯ ಮೈದಾನದಲ್ಲಿ ನಡೆಯಲು ಹೋಗಿದ್ದಾರೆ, ಅಸರ್ ಆದ ಮೇಲೆ ದಿನವೂ ಹೋಗುತ್ತಾರೆ ಎಂದರು ಗೆಳೆಯರು. ನಮಗೆ ಮೊದಲು ಬಂದದ್ದು ಸಂತೋಷವಲ್ಲ, ಒಂದು ಸಣ್ಣ ಅಸಮಾಧಾನ. ಇಷ್ಟು ದೂರದಿಂದ ಬಂದಿದ್ದೇವೆ, ಇವತ್ತಾದರೂ ಮನೆಯಲ್ಲಿ ಮಲಗಿರಬಾರದಿತ್ತೇ ಎಂದು. ಗೆಳೆಯರು ಚಹಾ ಮಾಡಿ ತಂದರು. ಚೀಲವನ್ನು ಟೀಪಾಯಿಯ ಮೇಲಿಟ್ಟು ಮುಕ್ಕಾಲು ಗಂಟೆ ಕಾದೆವು. ಅವರು ಬಂದಾಗ ಮುಖವೆಲ್ಲ ಬೆವರಿತ್ತು. "ಭಾಯಿ, ಇನ್ನೊಂದು ಸುತ್ತು ಬಾಕಿಯಿತ್ತು, ನೀವು ಬಂದಿದ್ದೀರೆಂದು ಫೋನ್ ಬಂತು, ಬಿಟ್ಟು ಬಂದೆ" ಎಂದು ಚೀಲವನ್ನೆತ್ತಿಕೊಂಡು ಒಳಗೆ ಹೋದರು. ಎತ್ತಿದ್ದು ಆಪರೇಷನ್ ಆದ ಕೈಯಲ್ಲೇ. ಅದನ್ನು ಇಸಿದುಕೊಳ್ಳಲು ನಾವು ಅರ್ಧ ಎದ್ದಿದ್ದೆವು, ಮತ್ತೆ ಕೂತೆವು.