ಕಮ್ಮಾರನಿಲ್ಲದ ದೇಶ

(ಓದತಕ್ಕ ಪಾಠ: 1 ಸಮುವೇಲ 13ನೇ ಅಧ್ಯಾಯ, 19ರಿಂದ 22ನೇ ವಚನಗಳು)

ಸೌಲನು ಅರಸನಾಗಿದ್ದ ಕಾಲದಲ್ಲಿ ಇಸ್ರಾಯೇಲ್ ದೇಶದಲ್ಲೆಲ್ಲಾ ಒಬ್ಬ ಕಮ್ಮಾರನಾದರೂ ಇರಲಿಲ್ಲವೆಂದು ಈ ಪಾಠದಲ್ಲಿ ಓದುತ್ತೇವೆ. ಇಬ್ರಿಯರು ಕತ್ತಿ ಭರ್ಜಿಗಳನ್ನು ಮಾಡಿಕೊಂಡಾರೆಂದು ಫಿಲಿಷ್ಟಿಯರು ಹೀಗೆ ತಡೆದಿದ್ದರು. ಗುಳವನ್ನಾಗಲಿ ಕೊಡಲಿಯನ್ನಾಗಲಿ ಹದಮಾಡಿಸಬೇಕಾದರೆ ರೈತನು ಶತ್ರುವಿನ ಬಳಿಗೇ ಹೋಗಿ ಕೂಲಿ ಕೊಡಬೇಕಾಗಿತ್ತು. ಉಳುವ ಕಾಲದಲ್ಲಿ ಗುಳ ಮೊಂಡಾದರೆ ಎಷ್ಟು ಕಷ್ಟವೆಂಬದನ್ನು ನಮ್ಮಲ್ಲಿ ಬೇಸಾಯ ಮಾಡುವವರು ಬಲ್ಲರು. ಯುದ್ಧದ ದಿವಸದಲ್ಲಿಯೋ ಸೌಲ ಯೋನಾತಾನರ ಹೊರತು ಯಾರ ಕೈಯಲ್ಲಿಯೂ ಕತ್ತಿ ಭರ್ಜಿಗಳಿರಲಿಲ್ಲ.

ಪರರಿಗೆ ಆಯುಧ ಸಿಕ್ಕದಂತೆ ತಡೆಯುವ ಕಟ್ಟಳೆ ಇಷ್ಟು ಹಳೆಯದು. 1179ರಲ್ಲಿ ರೋಮಾಪುರದಲ್ಲಿ ಕೂಡಿದ ಸಭಾಪರಿಷತ್ತು, ತಮ್ಮೊಡನೆ ಯುದ್ಧಮಾಡುತ್ತಿದ್ದ ಮುಸಲ್ಮಾನರಿಗೆ ಕ್ರೈಸ್ತರು ಆಯುಧವನ್ನೂ ಕಬ್ಬಿಣವನ್ನೂ ಹಡಗಿನ ಮರವನ್ನೂ ಮಾರಕೂಡದೆಂದು ವಿಧಿಸಿತು. ಲಾಭದ ಆಶೆ ಅಷ್ಟಕ್ಕೆ ಅಡಗಲಿಲ್ಲ; 1215ರಲ್ಲಿ ಅದೇ ವಿಧಿಯನ್ನು ತಿರಿಗಿ ಸಾರಬೇಕಾಯಿತು.

ಆದರೆ ಆಯುಧ ಕೊಡದಿರುವುದು ಯಾವಾಗಲೂ ನೀತಿಯೋ? ಪುರಾತನ ಕ್ರೈಸ್ತಸಭೆಯುಳ್ಳ ಇಥಿಯೋಪ್ಯ ದೇಶದ ಮೇಲೆ ಬೀಳುವುದಕ್ಕೆ 1935ರಲ್ಲಿ ಇಟಲಿಯು ಸಿದ್ಧವಾಗುತ್ತಿರುವಾಗ, ಬ್ರಿಟನ್ನೂ ಫ್ರಾನ್ಸೂ ಉಭಯರಿಗೂ ಆಯುಧ ಕೊಡುವುದಿಲ್ಲವೆಂದವು. ಮಾತು ಸಮವಾಗಿ ಕೇಳಿಸಿತು. ಆದರೆ ಇಟಲಿಗೆ ಸ್ವಂತ ಕಾರ್ಖಾನೆಗಳಿದ್ದವು. ಇಥಿಯೋಪ್ಯವು ಹೊರಗಿನಿಂದಲೇ ಕೊಳ್ಳಬೇಕಾಗಿತ್ತು. ಅಕ್ಟೋಬರಿನಲ್ಲಿ ಯುದ್ಧ ಆರಂಭವಾದ ಮೇಲೆ ರಾಷ್ಟ್ರಸಂಘವು ಇಟಲಿಗೆ ಮಾತ್ರ ಆಯುಧಗಳನ್ನು ನಿಲ್ಲಿಸಿತು. ಆದರೂ ಅದರ ಲಾರಿ ವಿಮಾನಗಳನ್ನು ನಡಿಸುವ ಎಣ್ಣೆಯನ್ನು ನಿಲ್ಲಿಸಲಿಲ್ಲ. 1936ನೇ ಮೇ ತಿಂಗಳಲ್ಲಿ ಅಡಿಸ್ ಅಬಾಬ ಪಟ್ಟಣವು ಶತ್ರುವಶವಾಯಿತು.

ಹೀಗೆಯೇ 1991ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಯುಗೊಸ್ಲಾವಿಯಕ್ಕೆಲ್ಲಾ ಆಯುಧಗಳನ್ನು ನಿಷೇಧಿಸಿತು. ಆ ರಾಜ್ಯವು ಒಡೆದಾಗ ಹಳೆಯ ಸೈನ್ಯದ ತೋಪುಗಳು ಬಹುಮಟ್ಟಿಗೆ ಸೆರ್ಬರ ಪಾಲಾದವು. ಬೋಸ್ನಿಯದ ಮುಸಲ್ಮಾನರಿಗೆ ಸಾಕಷ್ಟು ಆಯುಧಗಳಿರಲಿಲ್ಲ. 1995ನೇ ಜುಲೈ ತಿಂಗಳಲ್ಲಿ ಸ್ರೆಬ್ರೆನಿತ್ಸ ಊರಿನಲ್ಲಿ ಅವರ ಗಂಡಸರೂ ಹುಡುಗರೂ ಸುಮಾರು 8,000 ಮಂದಿ ಕೊಲೆಯಾದರು. ಆ ರಕ್ತಾಪರಾಧವು ಕೊಂದವರದೇ. ಆದರೂ ಬಲಹೀನರನ್ನು ಕಾಯುವೆವೆಂದು ಹೇಳಿ ಕಾಯದೆ ಹೋದವರು ನಿರ್ದೋಷಿಗಳೆನ್ನಲು ನಮಗೆ ನಾಲಿಗೆ ಬಾರದು.

ಬೇರೊಂದು ದೃಷ್ಟಾಂತವೂ ಉಂಟು. ದಕ್ಷಿಣ ಆಫ್ರಿಕದ ಬಿಳಿಯರ ಸರಕಾರದ ಪೊಲೀಸರು 1976ರಲ್ಲಿ ಸೊವೆಟೋ ಎಂಬಲ್ಲಿ ಶಾಲೆಯ ಮಕ್ಕಳ ಮೇಲೆ ಗುಂಡು ಹಾರಿಸಿದರು. 1977ನೇ ನವೆಂಬರ್ 4ರಲ್ಲಿ ಭದ್ರತಾ ಮಂಡಳಿಯು ಆ ಸರಕಾರಕ್ಕೆ ಯಾವ ದೇಶವೂ ಆಯುಧ ಕೊಡಕೂಡದೆಂದು ಆಜ್ಞಾಪಿಸಿತು. ಕಳ್ಳತನದಿಂದ ಮಾರಿದವರು ಇದ್ದರು. ಆ ಸರಕಾರವೂ ತಾನೇ ಆಯುಧಗಳನ್ನು ಮಾಡಿಕೊಂಡಿತು. ಆದರೂ ಹಿಂಸಕನು ಯಾರೆಂದು ಲೋಕವು ಬಾಯಿಬಿಟ್ಟು ಹೇಳಿತು. 1994ರಲ್ಲಿ ಎಲ್ಲಾ ವರ್ಣದವರೂ ಮತಕೊಟ್ಟು ಹೊಸ ಸರಕಾರವು ಏರ್ಪಟ್ಟಾಗ ಆ ನಿಷೇಧವು ತೆಗೆಯಲ್ಪಟ್ಟಿತು.

ಪ್ರಿಯರೇ, ಮೋಸದ ತಕ್ಕಡಿಯು ಕರ್ತನಿಗೆ ಅಸಹ್ಯವೆಂದು ನಾವು ಬಲ್ಲೆವು. ಒಬ್ಬನ ಮನೆಯಲ್ಲಿ ಕುಲುಮೆಯಿದ್ದು ಮತ್ತೊಬ್ಬನಿಗೆ ಇಲ್ಲದಿರುವಾಗ, ಇಬ್ಬರಿಗೂ ಕೊಡೆನೆಂಬ ಮಾತು ಅಂಥ ತಕ್ಕಡಿಯೇ. ನಮ್ಮ ಊರುಗಳಲ್ಲಿಯೂ ಬಲವಂತನು ಬಡವನ ಹೊಲದ ಬದುವನ್ನು ಒತ್ತುವಾಗ, ನಮಗೇಕೆ ಇಬ್ಬರ ಗೊಡವೆಯೆಂದು ಸುಮ್ಮನಿರುತ್ತೇವಲ್ಲಾ. ಆ ಮೌನದಿಂದ ಲಾಭ ಯಾರಿಗೆ? ಇನ್ನು ಕೆಲವರು ವ್ಯಾಜ್ಯಕ್ಕೆ ನಿಂತ ಇಬ್ಬರಿಗೂ ಬಡ್ಡಿಗೆ ಹಣ ಕೊಟ್ಟು, ಇಬ್ಬರ ಕಿವಿಯಲ್ಲಿಯೂ ಚಾಡಿಮಾತನ್ನು ಊದುತ್ತಾರೆ. ಇವರು ಆಯುಧದ ವರ್ತಕರಿಗಿಂತ ಯಾವದರಲ್ಲಿ ಕಡಿಮೆ?

ಆದಕಾರಣ ಜಗಳಕ್ಕೆ ನಮ್ಮ ಕೈಯಿಂದ ಏನೂ ಹೋಗದಿರಲಿ. ಅನ್ಯಾಯ ನಡೆಯುವಲ್ಲಿ ನಮ್ಮ ಕಾಲು ಹಿಂದೆಗೆಯದಿರಲಿ. ಹೋಗಿ ಬಡವನ ಪಕ್ಕದಲ್ಲಿ ನಿಂತು ಸತ್ಯವನ್ನು ಸಾಕ್ಷಿ ಹೇಳೋಣ. ಸಮಾಧಾನದ ಪ್ರಭುವು ಅದಕ್ಕೆ ಬೇಕಾದ ಧೈರ್ಯವನ್ನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.