ಅಡವಿಟ್ಟ ಪದಕ

ರಾಜ್ ಕಪೂರರ ‘ಶ್ರೀ 420’ (1955) ಚಿತ್ರದಲ್ಲಿ ಕೆಲಸ ಹುಡುಕುತ್ತ ಮುಂಬಯಿಗೆ ಬಂದ ಓದಿದ ಹುಡುಗ, ಪ್ರಾಮಾಣಿಕತೆಗೆ ಸಿಕ್ಕಿದ ಪದಕವನ್ನು ಅಡವಿಡುತ್ತಾನೆ. ನೋಡುವವರು ನಗುತ್ತಾರೆ. ಬ್ಯಾಂಕಿನಲ್ಲಿ ಚಿನ್ನದ ಸಾಲದ ಕಾಗದ ಬರೆಯುವ ನನಗೆ ಪೂರ್ತಿ ನಗಲಾಗುವುದಿಲ್ಲ. ಅಡವಿಟ್ಟದ್ದು ಮಾರಿದಂತಲ್ಲ, ಬಿಡಿಸಿಕೊಳ್ಳುವ ಹಕ್ಕು ಉಳಿದಿರುತ್ತದೆ. ಮಲಯಾಳದಲ್ಲಿ ಇದನ್ನು ‘ಪಣಯ’ ಎನ್ನುತ್ತಾರೆ. ನಮ್ಮ ಕಿವಿಗೆ ಜೂಜಿನ ‘ಪಣ’ದಂತೆ ಕೇಳುತ್ತದೆ. ಹಸಿದವನು ಪದಕ ಅಡವಿಟ್ಟರೆ ತಪ್ಪೆನ್ನಲು ನನಗೆ ಮನಸ್ಸು ಬಾರದು. ಪದಕ ಅವನದು, ಹೊಟ್ಟೆಯೂ ಅವನದು.

ಅದೇ ಹುಡುಗ ಮುಂದೆ ಸೇಠ್ ಸೋನಾಚಂದ್ ಧರ್ಮಾನಂದನ ಜತೆ ಸೇರುತ್ತಾನೆ. 100 ರೂಪಾಯಿಗೆ ಸ್ವಂತ ಮನೆಯೆಂಬ ಆಸೆ ಕಂಡು, ಫುಟ್‌ಪಾತಿನ ಬಡವರು ಹಣ ತರುತ್ತಾರೆ. ಹೊಸಬನಾಗಿ ಬಂದಾಗ ಇವನನ್ನು ತಮ್ಮವನೆಂದು ಸೇರಿಸಿಕೊಂಡವರೇ ಅವರು. ಅವರು ನಂಬಿದ್ದು ಸೇಠನನ್ನೋ, ಇವನನ್ನೋ? ಇಲ್ಲಿ ಅಡವಾದದ್ದು ಪರರ ವಿಶ್ವಾಸ. ಅದನ್ನಿಡಲು ಇವನಿಗೇನು ಅಧಿಕಾರ? ಚಿನ್ನವಾದರೆ ‘ಇದು ನನ್ನದೇ’ ಎಂದು ನಾವು ಬರೆಸಿಕೊಳ್ಳುತ್ತೇವೆ.

(ವಂಚನೆಯ 420ನೇ ಕಲಂ 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 318 ಆಗಿದೆ. ಜನರ ಬಾಯಲ್ಲಿ ಇನ್ನೂ 420ಯೇ!)

ನಮ್ಮ ಕಾಸರಗೋಡಿನ ಹುಡುಗರು ದೂರದ ಪಟ್ಟಣಕ್ಕೆ ಹೊರಡುವಾಗ ತಾಯಂದಿರ ಬಳೆಗಳು ನನ್ನ ಕೌಂಟರಿಗೆ ಬರುವುದುಂಟು. ಬಳೆಯ ತೂಕ ಬರೆಯುತ್ತೇನೆ. ಅದರೊಡನೆ ಆಕೆ ಇನ್ನೇನನ್ನು ಇಟ್ಟಳೆಂದು ಬರೆಯಲು ನಮ್ಮ ಕಾಗದದಲ್ಲಿ ಕಾಲಂ ಇಲ್ಲ.