ತಿಳಿಯುವ ಹಕ್ಕು, ತಿಳಿಸುವ ಹೊಣೆ

ಸಾವಿನ ಮನೆಗೆ ಹೋದಾಗ ಏನು ಹೇಳಬೇಕೆಂದು ನಮಗೆ ಗೊತ್ತಿದೆ. ಕೈ ಹಿಡಿದು ಸಬರ್ ಮಾಡಿ ಎನ್ನುತ್ತೇವೆ, ಮಣ್ಣು ಕೊಟ್ಟು ಹಿಂದಿರುಗುತ್ತೇವೆ. ಆದರೆ ಮನೆಯ ಮಗನೋ ಮಗಳೋ ಕಾಣೆಯಾದ ಮನೆಯಲ್ಲಿ ನಮ್ಮ ನಾಲಿಗೆ ತಡವರಿಸುತ್ತದೆ. ಸಾಂತ್ವನ ಹೇಳಿದರೆ ಅವರು ಸತ್ತರೆಂದು ನಾವೇ ತೀರ್ಮಾನಿಸಿದಂತೆ. ಧೈರ್ಯ ಹೇಳಿದರೆ ಸುಳ್ಳು ಆಸೆ ಹುಟ್ಟಿಸಿದಂತೆ. ಸಾವಿಗೊಂದು ರೀತಿ ರಿವಾಜು ಇದೆ, ಕಾಣೆಯಾಗುವುದಕ್ಕೆ ಇಲ್ಲ.

2014ರ ಮಾರ್ಚ್ 8ರಂದು ಮಧ್ಯರಾತ್ರಿ ಕಳೆದ ಮೇಲೆ ಕೌಲಾಲಂಪುರದಿಂದ ಬೀಜಿಂಗ್‌ಗೆ ಹೊರಟ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್370 ವಿಮಾನದಲ್ಲಿ 239 ಜನರಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಚೀನಾದವರು, ಐವರು ಭಾರತೀಯರು. ಹೊರಟು 40 ನಿಮಿಷವೂ ಆಗುವ ಮೊದಲೇ ಅದು ವಿಮಾನ ನಿಯಂತ್ರಕರ ಪರದೆಯಿಂದ ಮರೆಯಾಯಿತು. ವಿಮಾನ ಪಶ್ಚಿಮಕ್ಕೆ ತಿರುಗಿದ್ದು ಸೇನೆಯ ರೇಡಾರ್‌ನಲ್ಲಿ ದಾಖಲಾಗಿತ್ತು. ಆಮೇಲೆ ಬೆಳಿಗ್ಗೆ 8 ಗಂಟೆ ದಾಟುವವರೆಗೂ ಇನ್‌ಮಾರ್‌ಸ್ಯಾಟ್ ಉಪಗ್ರಹಕ್ಕೂ ವಿಮಾನಕ್ಕೂ ನಡುವೆ ಸಂಕೇತಗಳು ಓಡಾಡಿದವು. ‘ಇದ್ದೇನೆ’ ಎಂಬ ಉತ್ತರ ಬರುತ್ತಿತ್ತು; ‘ಎಲ್ಲಿದ್ದೇನೆ’ ಎಂಬುದು ಅದರಲ್ಲಿ ಇರಲಿಲ್ಲ. ಆ ಸಂಕೇತಗಳ ಲೆಕ್ಕ ಹಾಕಿಯೇ ವಿಮಾನ ಹಿಂದೂ ಮಹಾಸಾಗರದ ದಕ್ಷಿಣಕ್ಕೆ ಹೋಯಿತೆಂದು ತಜ್ಞರು ಹೇಳಿದರು. 1,20,000 ಚದರ ಕಿಲೋಮೀಟರ್ ಸಮುದ್ರತಳವನ್ನು ಜಾಲಾಡಿ, 2017ರ ಜನವರಿಯಲ್ಲಿ ಆ ಶೋಧ ನಿಂತಿತು. 2018ರಲ್ಲಿ ಖಾಸಗಿ ಕಂಪನಿಯೊಂದು ಮತ್ತೆ ಹುಡುಕಿದರೂ ಫಲ ಸಿಗಲಿಲ್ಲ. ಸಿಕ್ಕಿದ್ದು ರಿಯೂನಿಯನ್ ದ್ವೀಪಕ್ಕೆ ತೇಲಿಬಂದ ರೆಕ್ಕೆಯ ಒಂದು ಭಾಗ ಮತ್ತು ಬೇರೆ ದಡಗಳಲ್ಲಿ ಸಿಕ್ಕ ಕೆಲವು ಚೂರುಗಳು ಮಾತ್ರ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೋದವರು ಹೇಗೂ ಮರಳಿ ಬರುವುದಿಲ್ಲ. ಎಲ್ಲಿ ಬಿದ್ದರೆಂದು ತಿಳಿದು ಏನು ಪ್ರಯೋಜನ? ಅಪರೂಪಕ್ಕೆ ನಡೆಯುವ ಇಂಥ ಘಟನೆಗಾಗಿ ಸಾವಿರಾರು ವಿಮಾನಗಳಿಗೆ ಹೊಸ ಯಂತ್ರ ಕೂರಿಸುವುದು ದುಂದುವೆಚ್ಚವಲ್ಲವೇ?

ನಮ್ಮ ಧರ್ಮಶಾಸ್ತ್ರಜ್ಞರು ಈ ಪ್ರಶ್ನೆಯ ಒಂದು ಮುಖವನ್ನು ಬಹಳ ಹಿಂದೆಯೇ ಎದುರಿಸಿದ್ದರು. ಬದುಕಿದ್ದಾನೋ ಸತ್ತಿದ್ದಾನೋ ತಿಳಿಯದವನನ್ನು ಅವರು ‘ಮಫ್ಕೂದ್’ ಎಂದು ಕರೆದರು. ಅವನ ಹೆಂಡತಿ ಎಷ್ಟು ಕಾಲ ಕಾಯಬೇಕು, ಆಸ್ತಿ ಯಾವಾಗ ಹಂಚಬೇಕು ಎಂದು ಚರ್ಚಿಸಿದರು. ಅವನ ಓರಗೆಯವರೆಲ್ಲ ತೀರಿಕೊಳ್ಳುವವರೆಗೂ ಕಾಯಬೇಕೆಂಬುದು ಹನಫಿಗಳ ಹಳೆಯ ಅಭಿಪ್ರಾಯ. ಮಾಲಿಕಿಗಳು ನಾಲ್ಕು ವರ್ಷ ಸಾಕೆಂದರು. ಅದು ಹೆಣ್ಣಿನ ಬಾಳಿಗೆ ಹೆಚ್ಚು ನ್ಯಾಯ ಒದಗಿಸುತ್ತದೆಂದು ಕಂಡು ಭಾರತದ ಹನಫಿ ಉಲಮಾಗಳೂ ಅದನ್ನು ಸ್ವೀಕರಿಸಿದರು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಲ್ಲಿ ನಾಲ್ಕು ವರ್ಷದ ಅವಧಿ ಇರುವುದು ಹಾಗೆ. ಏಳು ವರ್ಷ ಸುದ್ದಿಯಿಲ್ಲದವರು ಸತ್ತಿರಬಹುದೆಂದು ಊಹಿಸಲು ದೇಶದ ಸಾಕ್ಷ್ಯ ಕಾನೂನೂ ಅವಕಾಶ ಕೊಡುತ್ತದೆ.

ಕೊನೆಯಿಲ್ಲದ ನಿರೀಕ್ಷೆಯೂ ಒಂದು ಅನ್ಯಾಯವೆಂದು ಇವರೆಲ್ಲರೂ ಒಪ್ಪಿದ್ದರು. ತಿಳಿಯುವ ದಾರಿಯೇ ಇಲ್ಲದಿದ್ದಾಗ ಕಾನೂನು ಒಂದು ಗಡುವು ಹಾಕಿ ಬದುಕನ್ನು ಮುಂದಕ್ಕೆ ಬಿಟ್ಟಿತು. ಆದರೆ ಗಡುವು ತಿಳಿವಳಿಕೆಯಲ್ಲ. 2015ರ ಜನವರಿಯಲ್ಲಿ ಮಲೇಷ್ಯಾ ಸರಕಾರ ಎಂಎಚ್370ರಲ್ಲಿದ್ದವರೆಲ್ಲ ಮೃತಪಟ್ಟರೆಂದು ಭಾವಿಸಿ ಘೋಷಿಸಿದಾಗ ಅನೇಕ ಕುಟುಂಬಗಳು ಅದನ್ನು ಒಪ್ಪಲಿಲ್ಲ. ತಿಳಿಯುವ ದಾರಿ ಇದ್ದೂ ಅದನ್ನು ತೆರೆಯದೆ ಜನರನ್ನು ಗಡುವಿಗೆ ಒಪ್ಪಿಸುವುದು ಬೇರೆಯೇ ವಿಷಯ. ಅಲ್ಲಿ ಯಾರದೋ ಹೊಣೆ ಇದೆ.

ದಾರಿ ಇತ್ತು. ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ ವಿಮಾನ 2009ರ ಜೂನ್ 1ರಂದು 228 ಜನರೊಂದಿಗೆ ಅಟ್ಲಾಂಟಿಕ್‌ನಲ್ಲಿ ಬಿತ್ತು. ಅದರ ಬ್ಲ್ಯಾಕ್ ಬಾಕ್ಸ್‌ಗಳು ಸಿಗಲು ಸುಮಾರು ಎರಡು ವರ್ಷ ಹಿಡಿಯಿತು. ನೀರಿನಡಿಯಿಂದ ಸದ್ದು ಮಾಡಿ ಜಾಗ ತೋರಿಸುವ ಉಪಕರಣ 30 ದಿನದ ಬದಲು 90 ದಿನ ಕೆಲಸ ಮಾಡಬೇಕು, ವಿಮಾನದ ಸ್ಥಾನ ಆಗಾಗ ನೆಲಕ್ಕೆ ತಲುಪುವ ಬಗೆಯನ್ನು ಪರಿಶೀಲಿಸಬೇಕು ಎಂದು ಫ್ರಾನ್ಸಿನ ತನಿಖಾ ಸಂಸ್ಥೆ ಅದೇ ವರ್ಷ ಶಿಫಾರಸು ಮಾಡಿತು. ಐದು ವರ್ಷದ ಬಳಿಕ ಎಂಎಚ್370 ಹೊರಟಾಗಲೂ ಅದರಲ್ಲಿದ್ದುದು 30 ದಿನದ ಉಪಕರಣವೇ. ಎರಡು ಪೆಟ್ಟಿಗೆಗಳಲ್ಲಿ ಒಂದರ ಉಪಕರಣದ ಬ್ಯಾಟರಿಯ ಅವಧಿಯಂತೂ 2012ರ ಡಿಸೆಂಬರಿನಲ್ಲೇ ಮುಗಿದಿತ್ತು. ಸಾವು ತಖ್ದೀರಿಗೆ ಸೇರಿದ್ದೆಂದು ನಂಬುವವರು ನಾವು. ಆದರೆ ಬ್ಯಾಟರಿ ಬದಲಿಸುವುದು ತಖ್ದೀರಿಗೆ ಸೇರಿದ್ದಲ್ಲ.

ಈ ದುಃಖ ದೂರದ ದೇಶದವರದು ಮಾತ್ರವಲ್ಲ. 2016ರ ಜುಲೈ 22ರಂದು ಚೆನ್ನೈನಿಂದ ಪೋರ್ಟ್‌ಬ್ಲೇರ್‌ಗೆ ಹೊರಟ ನಮ್ಮ ವಾಯುಪಡೆಯ ಎಎನ್-32 ವಿಮಾನ 29 ಜನರೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಅದರದೆಂದು ಗುರುತಿಸಿದ ಅವಶೇಷಗಳ ಚಿತ್ರ 3,400 ಮೀಟರ್ ಆಳದಲ್ಲಿ ಸಿಕ್ಕ ಸುದ್ದಿ ಹೊರಬಿದ್ದದ್ದು 2024ರ ಜನವರಿಯಲ್ಲಿ. ‘ಎಲ್ಲಿ’ ಎಂಬ ಒಂದು ಪದಕ್ಕಾಗಿ ಆ ಮನೆಗಳು ಏಳೂವರೆ ವರ್ಷ ಕಾದವು.

ಎಂಎಚ್370ರ ನಂತರ ಜಗತ್ತು ಸುಮ್ಮನೆ ಕುಳಿತಿಲ್ಲ. ಸಾಗರದ ಮೇಲಿರುವ ವಿಮಾನದ ಸ್ಥಾನ 15 ನಿಮಿಷಕ್ಕೊಮ್ಮೆಯಾದರೂ ತಿಳಿಯಬೇಕೆಂಬ ಅಂತಾರಾಷ್ಟ್ರೀಯ ನಿಯಮ 2018ರಲ್ಲಿ ಬಂತು. ಅಷ್ಟು ಹೊತ್ತಿನಲ್ಲಿ ದೊಡ್ಡ ವಿಮಾನವೊಂದು 200 ಕಿಲೋಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ಆದ್ದರಿಂದ ಅಪಾಯಕ್ಕೆ ಸಿಕ್ಕ ವಿಮಾನ ತಾನಾಗಿಯೇ ನಿಮಿಷಕ್ಕೊಮ್ಮೆ ತನ್ನ ಸ್ಥಾನ ತಿಳಿಸಬೇಕೆಂಬ ನಿಯಮ 2025ರಿಂದ ಜಾರಿಯಲ್ಲಿದೆ. ಆದರೆ ಇದು 2024ರಿಂದೀಚೆಗೆ ಹೊರಬಂದ ದೊಡ್ಡ ವಿಮಾನಗಳಿಗೆ ಮಾತ್ರ. ಹಳೆಯವು ಇನ್ನೂ ಹಲವು ವರ್ಷ ಹಾರುತ್ತಲೇ ಇರುತ್ತವೆ.

ಹಳೆಯ ವಿಮಾನಕ್ಕೆ ಹೊಸ ಯಂತ್ರ ಜೋಡಿಸುವುದು ಸುಲಭವಲ್ಲ ಎಂಬ ವಾದವನ್ನು ತಳ್ಳಿಹಾಕಲಾಗದು. ಬೆಂಕಿ ಹೊತ್ತಿಕೊಂಡರೆ ಯಾವ ಉಪಕರಣದ ವಿದ್ಯುತ್ತನ್ನಾದರೂ ಕಡಿಯುವ ಅವಕಾಶ ಪೈಲಟ್‌ಗೆ ಇರಬೇಕೆಂಬುದೂ ನಿಜ. ಆದರೆ ಖರ್ಚಿನ ಲೆಕ್ಕ ಹಾಕುವಾಗ ನಾವು ಒಂದೇ ಕಡೆಯ ಲೆಕ್ಕ ಬರೆಯುತ್ತಿದ್ದೇವೆ. ಯಂತ್ರಕ್ಕೆ ತಗಲುವ ವೆಚ್ಚ ಕಂಪನಿಯ ಪುಸ್ತಕದಲ್ಲಿ ಕಾಣುತ್ತದೆ. ಯಂತ್ರ ಇಲ್ಲದಿದ್ದರೆ ತೆರಬೇಕಾದ ಬೆಲೆಯನ್ನು ತೆರುವವರು ಕಾಯುತ್ತಾ ಕುಳಿತ ಮನೆಯವರು, ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಒಬ್ಬರು ಉಳಿಸಿದ ಹಣಕ್ಕೆ ಇನ್ನೊಬ್ಬರು ಜೀವಮಾನವಿಡೀ ಬೆಲೆ ತೆರುವ ವ್ಯವಸ್ಥೆಯನ್ನು ಮಿತವ್ಯಯವೆಂದು ಕರೆಯುವುದು ಸರಿಯೇ?

ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಕೊಲ್ಲಿಗೆ ದುಡಿಯಲು ಹೋದವರಿದ್ದಾರೆ. ಅವರು ಅರಬಿ ಸಮುದ್ರವನ್ನು ವಿಮಾನದಲ್ಲೇ ದಾಟುತ್ತಾರೆ. ತಲುಪಿದೆ ಎಂಬ ಫೋನ್ ಬರುವವರೆಗೆ ತಾಯಂದಿರು ನಿದ್ದೆ ಮಾಡುವುದಿಲ್ಲ. ಯಾವ ಯಂತ್ರವೂ ಎಲ್ಲ ಸಾವನ್ನು ತಡೆಯಲಾರದು, ಆ ಭರವಸೆಯನ್ನು ಯಾರೂ ಕೇಳುವುದೂ ಇಲ್ಲ. ಏನಾದರೂ ಆದರೆ ಎಲ್ಲಿ, ಹೇಗೆ ಎಂದು ನಮಗೆ ತಿಳಿಸಿ ಎಂಬುದಷ್ಟೇ ಬೇಡಿಕೆ. ಹಳೆಯ ವಿಮಾನಗಳಿಗೂ ಒಂದು ಗಡುವು ಗೊತ್ತುಮಾಡಿ ಈ ಬೇಡಿಕೆಯನ್ನು ಪೂರೈಸುವುದು ಸರಕಾರಗಳ ಮತ್ತು ವಿಮಾನ ಕಂಪನಿಗಳ ಕರ್ತವ್ಯ. ಅದನ್ನು ಮತ್ತೆ ಮತ್ತೆ ನೆನಪಿಸುವುದು ಟಿಕೆಟ್ ಕೊಳ್ಳುವ ನಮ್ಮ ಕರ್ತವ್ಯ.